ಐವರು ಸಾಹೇಬರು, ಒಂದೇ ಕೈ

ನಮ್ಮ ಆಫೀಸಿನಲ್ಲಿ ಒಟ್ಟು 34 ಜನ. ಅದರಲ್ಲಿ ಸಕ್ಕರೆ ಕಾಯಿಲೆ ಇರುವವನು ನಾನೊಬ್ಬನೇ. ಉಳಿದ 33 ಜನ ಗುಂಡುಕಲ್ಲಿನ ಹಾಗಿದ್ದಾರೆ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಆಫೀಸಿನ ಫೈಲಿನಲ್ಲೇ ಹಾಗೆ ಬರೆದಿದೆ. ಐಸಿಎಂಆರ್ ಅನ್ನುವ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶವೆಲ್ಲ ಸುತ್ತಿ ರಕ್ತ ತೆಗೆದು, ದೊಡ್ಡವರಲ್ಲಿ ನೂರಕ್ಕೆ 11.4 ಜನರಿಗೆ ಶುಗರ್ ಇದೆ, ಒಟ್ಟು 10.1 ಕೋಟಿ ಜನ ಅಂತ 2023ರಲ್ಲಿ ಲೆಕ್ಕ ಕೊಟ್ಟರು. ಆ ಲೆಕ್ಕದಲ್ಲಿ ನಮ್ಮಲ್ಲಿ ನಾಲ್ಕು ಜನರಾದರೂ ಇರಬೇಕಿತ್ತು. ಪಾಪ, ಶಿರಸಿಯ ನಮ್ಮ ಆಫೀಸಿಗೆ ಅವರು ಬಂದಿರಲಿಕ್ಕಿಲ್ಲ. ಬಂದಿದ್ದರೆ ದೇಶದ ಮಾನ ಸ್ವಲ್ಪ ಉಳಿಯುತ್ತಿತ್ತು.

ಆದರೂ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನನಗೆ ಏನೇನೋ ಕಾಣುತ್ತದೆ. ಇಬ್ಬರು ಅನ್ನ ಬಿಟ್ಟು ಚಪಾತಿ ಹಿಡಿದಿದ್ದಾರೆ, ಹೊಟ್ಟೆ ಕರಗಿಸಲಿಕ್ಕಂತೆ. ಒಬ್ಬರು ಊಟಕ್ಕೆ ಮೊದಲು ಕಪಾಟಿನ ಬಾಗಿಲ ಹಿಂದೆ ನಿಂತು ಏನೋ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾರೆ, ಕೇಳಿದರೆ 'ವಿಟಮಿನ್ನು'. ಇನ್ನೊಬ್ಬರು ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು ಬರುತ್ತಾರೆ. ಯಾಕೆ ಅಂದರೆ ರುಚಿಗೆ! ಹಾಗಲಕಾಯಿ ರಸವನ್ನು ರುಚಿಗೆ ಕುಡಿಯುವ ಮನುಷ್ಯನನ್ನು ನಾನು ನೋಡಿದ್ದು ಇದೇ ಮೊದಲು.

ಇವರೆಲ್ಲ ಯಾಕೆ ಮುಚ್ಚಿಡುತ್ತಾರೆ? ನನ್ನನ್ನು ನೋಡಿದ್ದಾರಲ್ಲ, ಅದಕ್ಕೆ.

ನನ್ನದು ಟೈಪ್ ಒನ್. ಹದಿನಾಲ್ಕನೇ ವಯಸ್ಸಿಗೆ ಬಂತು. ಮೈಯ ಕಾವಲು ಪಡೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ಶತ್ರು ಅಂದುಕೊಂಡು ಹೊಡೆದು ಹಾಕುತ್ತದೆ, ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ತಿಂದ ಬೆಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಆಫೀಸಿನಲ್ಲಿ ಕಡಿಮೆ ಅಂದರೆ ನಲವತ್ತು ಸಲ ಹೇಳಿದ್ದೇನೆ. ಕೇಳಿದವರೆಲ್ಲ ತಲೆ ಆಡಿಸಿ, ಕೊನೆಗೆ, "ಅಲ್ಲ ಮಾರಾಯ, ಸಣ್ಣಕ್ಕಿದ್ದಾಗ ಆಲೆಮನೆಗೆ ಜಾಸ್ತಿ ಹೋಗ್ತಿದ್ಯನ?" ಅನ್ನುತ್ತಾರೆ.

ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ 'ಯಾವುದಾದರೂ ಕಾಯಿಲೆ ಇದೆಯೇ' ಅಂತ ಇತ್ತು. ಇದೆ ಅಂತ ಬರೆದೆ. ಅಪ್ಪ ಸುಳ್ಳು ಹೇಳಬಾರದು ಅಂತ ಕಲಿಸಿದ್ದರು. ಅವರು ತೋಟ ಮಾಡಿಕೊಂಡಿದ್ದವರು, ಆಫೀಸಿನಲ್ಲಿ ಕೆಲಸ ಮಾಡಿದ ಅನುಭವ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಫ್ರಿಜ್ಜಿನ ರಾಮಾಯಣ. ಇನ್ಸುಲಿನ್ ಅಂದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ವಸ್ತು. ಬಳಸಲು ಶುರು ಮಾಡಿದ ಇನ್ಸುಲಿನ್ ಪೆನ್ನು, ಅಂದರೆ ಮದ್ದು ತುಂಬಿದ ಚುಚ್ಚುವ ಕಡ್ಡಿ, ಸುಮಾರು ನಾಲ್ಕು ವಾರ ಹೊರಗಿದ್ದರೂ ನಡೆಯುತ್ತದೆ, ಆದರೆ ಏಪ್ರಿಲ್‌ನಲ್ಲಿ ನಮ್ಮ ಶೀಟಿನ ಮಾಡಿನ ಕೆಳಗೆ ಇಟ್ಟರೆ ಅದು ಇನ್ಸುಲಿನ್ ಆಗಿ ಉಳಿಯುವುದಿಲ್ಲ, ಕಷಾಯ ಆಗುತ್ತದೆ. ಆಫೀಸಿನ ಫ್ರಿಜ್ಜಿನಲ್ಲಿ ಮ್ಯಾನೇಜರ್ ಸಾಹೇಬರ ಮೊಸರು, ಯಾರದೋ ಕೋಕಂ, ಶುಕ್ರವಾರದ ಪೂಜೆಗೆ ತಂದ ಮಲ್ಲಿಗೆ ದಂಡೆ, ಹೋದ ತಿಂಗಳ ಅರ್ಧ ತೆಂಗಿನಕಾಯಿ ಎಲ್ಲ ಇದ್ದವು. ನಾನು ಒಂದು ಪೆನ್ನು ಬಾಗಿಲ ಮೂಲೆಯಲ್ಲಿಟ್ಟೆ. ಮೂರನೇ ದಿನ ಸಾಹೇಬರು ಕರೆದರು. "ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೇನೆ, ಅದನ್ನು ಮನೆಯಲ್ಲೇ ಇಡಿ. ತಿನ್ನೋ ಪದಾರ್ಥ ಇರ್ತದೆ ನೋಡಿ." ಅಂದರೆ ನನ್ನ ಶುಗರ್ ಅವರ ಮೊಸರಿಗೆ ಅಂಟುತ್ತದೆ. ಮೊಸರು ಸಿಹಿಯಾದರೆ ಲಾಭ ಅವರಿಗೇ ಅಲ್ವಾ, ಅಂತ ಬಾಯಿವರೆಗೆ ಬಂದಿತ್ತು.

ಈಗ ಪುಟ್ಟ ಥರ್ಮಾಸಿನಲ್ಲಿ ಐಸ್ ಹಾಕಿ ತರುತ್ತೇನೆ. ಚುಚ್ಚಿಕೊಳ್ಳುವುದು ಬಾತ್‌ರೂಮಿನಲ್ಲಿ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, ಯಾಕೆಂದರೆ ಚಿಲಕ ಮುರಿದು ಎರಡು ವರ್ಷ ಆಯಿತು. ಟೇಬಲ್ಲಿನಲ್ಲೇ ಚುಚ್ಚಿಕೊಂಡರೆ ಗ್ರಾಹಕರು ಏನಂದುಕೊಂಡಾರು? ಅದೇ ಟೇಬಲ್ಲಿನ ಪಕ್ಕದಲ್ಲಿ ಕೂತವರು ದಿನಕ್ಕೆ ಎಂಟು ಕವಳ ಹಾಕುತ್ತಾರೆ. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ತಂಬಾಕು ತಿಕ್ಕಿ, ಬಾಯಿಗಿಟ್ಟು, ಕಣ್ಣು ಮುಚ್ಚಿ, ಕೊನೆಗೆ ಎದ್ದು ಕಿಟಕಿಯ ತನಕ ಹೋಗಿ ಬರುವುದಕ್ಕೆ ಹತ್ತು ನಿಮಿಷ. ಎಂಟು ಹತ್ತಲಿ ಎಂಬತ್ತು. ಗ್ರಾಹಕರು ಆ ಎಂಬತ್ತು ನಿಮಿಷ ಬಹಳ ಗೌರವದಿಂದ ಕಾಯುತ್ತಾರೆ, ಕೆಲವರು ಎಲೆ ಸಂಚಿ ಮುಂದೆ ಮಾಡುತ್ತಾರೆ. ನನ್ನ ಇಂಜೆಕ್ಷನ್ನಿಗೆ ಒಂದು ನಿಮಿಷ ಸಾಕು. ಹಾಜರಿ ಪುಸ್ತಕದ ಕೊನೆಯಲ್ಲಿ ಬರೆದದ್ದು ಮಾತ್ರ ನನ್ನ ಬಗ್ಗೆ: 'ಆಗಾಗ ಜಾಗದಲ್ಲಿ ಇರುವುದಿಲ್ಲ.'

ರಜೆಯದ್ದೂ ಹೀಗೇ. ಶುಗರ್ ಕಣ್ಣಿಗೂ ಕೈ ಹಾಕುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಬೇಕು. ಅದಕ್ಕೆ ನಾನು ಮಣಿಪಾಲಕ್ಕೆ ಹೋಗುತ್ತೇನೆ, ಕಣ್ಣಿಗೆ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಎಲ್ಲ ಮಂಜು ಮಂಜು, ಅವತ್ತೇ ವಾಪಸ್ ಬರಲಿಕ್ಕಾಗುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಮೊಬೈಲಿನಲ್ಲೂ ಬೀದಿಯಲ್ಲೂ ಕೂಗಿದ್ದು ನೆನಪಿದೆ ತಾನೇ? ಕೂಗಿದವರಲ್ಲಿ ನಮ್ಮ ಸಾಹೇಬರೂ ಇದ್ದರು. ಎರಡು ದಿನದ ರಜೆ ಕೇಳಿದರೆ ಅದೇ ಸಾಹೇಬರು, "ಕಣ್ಣು ಸರಿ ಕಾಣ್ತದಲ್ಲ ನಿಮಗೆ?" ಅಂದರು. ಅದೇ ವಾರ ಪಕ್ಕದವರು ಅಡಿಕೆ ಕೊನೆ ಕೊಯ್ಲು ಅಂತ ಐದು ದಿನ ಕೇಳಿದರು. ಅರ್ಜಿ ಓದದೆಯೇ ಸಹಿ ಬಿತ್ತು. "ಈ ಸಲ ಫಸಲು ಹ್ಯಾಂಗಿದ್ದು? ರೇಟು ಏರ್ತಡ ಹೌದ?" ಅಂತ ಅರ್ಧ ಗಂಟೆ ಪ್ರೀತಿಯ ಮಾತು ಬೇರೆ. ನನ್ನ ಕಣ್ಣಿಗೂ ಕ್ವಿಂಟಲ್ಲಿಗೆ ಇಷ್ಟು ಅಂತ ರೇಟ್ ಇದ್ದಿದ್ದರೆ ಚೆನ್ನಾಗಿತ್ತು.

ಕಾರವಾರದ ಹೆಡ್ಡಾಫೀಸಿನ ಮೀಟಿಂಗಿಗೆ ಬರೋಣ. ಬೆಳಗಿನ ಬಸ್ಸಿಗೆ ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಇಡ್ಲಿ ತಿಂದು, ಅಂಕೋಲೆ ದಾಟಿ ಹೋದೆ. ಊಟ ಒಂದು ಗಂಟೆಗೆ ಅಂತ ಸುತ್ತೋಲೆಯಲ್ಲೇ ಇತ್ತು. ಎರಡೂಕಾಲಾದರೂ ದೊಡ್ಡ ಸಾಹೇಬರ ಭಾಷಣ ಮುಗಿಯಲಿಲ್ಲ. ವಿಷಯ, ಸಮಯಪಾಲನೆ. ಹಿಂದಿನ ಬಾಗಿಲಿನಿಂದ ಬಂಗಡೆ ಹುರಿಯುವ ವಾಸನೆ ಬರುತ್ತಿತ್ತು. ಮೊದಲು ಕುತ್ತಿಗೆಯ ಹಿಂದೆ ತಣ್ಣನೆ ಬೆವರು. ಆಮೇಲೆ ಪೆನ್ನು ಹಿಡಿದ ಬೆರಳು ತನ್ನಷ್ಟಕ್ಕೇ ಕುಣಿಯತೊಡಗಿತು. ಗೋಡೆಯ ಮೇಲಿನ ಪರದೆಯಲ್ಲಿ ಅಕ್ಷರ ಒಂದರ ಮೇಲೊಂದು ಹತ್ತಿದವು. ಇದು ನನಗೆ ಗೊತ್ತಿರುವ ನೆಂಟ, ಇನ್ಸುಲಿನ್ ಒಳಗಿದ್ದು ಊಟ ತಡವಾದರೆ ಶುಗರ್ ಕುಸಿದುಬಿಡುತ್ತದೆ. ಮೇಜಿನ ಕೆಳಗೆ ಬೆರಳು ಚುಚ್ಚಿ ನೋಡಿದೆ, 58. ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ಬಾಯಿಗೆ ಹಾಕಿ 15 ನಿಮಿಷ ಕಾದು ಮತ್ತೆ ನೋಡಬೇಕು. ಇಷ್ಟೇ ಚಿಕಿತ್ಸೆ. ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇತ್ತು. ಹರಿದೆ. ಆ ಪ್ಲಾಸ್ಟಿಕ್ಕಿನ ಚರ್ ಅನ್ನುವ ಸದ್ದು ಕೈಗಾ ಸ್ಥಾವರದವರೆಗೆ ಕೇಳಿಸಿರಬೇಕು. ದೊಡ್ಡ ಸಾಹೇಬರು ಮಾತು ನಿಲ್ಲಿಸಿ, "ಅಲ್ರೀ, ಎಲ್ಲರಿಗೂ ಹಸಿವೆ ಆಗಿದೆ. ಸ್ವಲ್ಪ ತಡ್ಕೊಳ್ಳಲಿಕ್ಕೆ ಆಗೋದಿಲ್ವಾ?" ಅಂದರು. ಸಭೆ ನಕ್ಕಿತು. ನಾನೂ ನಕ್ಕೆ, ಬಾಯಿ ತುಂಬ ಪುಡಿ ಇತ್ತು, ಮುಂದಿನ ಸಾಲಿನವರ ಶರ್ಟಿಗೆ ಹಾರಿತು.

ಆ ವರ್ಷದ ಗೋಪ್ಯ ವರದಿಯಲ್ಲಿ 'ಸಭಾ ಶಿಸ್ತು ಸಾಲದು' ಅಂತ ಬಂತು. ಗೋಪ್ಯ ವರದಿ ನನಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ನಮ್ಮಲ್ಲಿ ಗೋಪ್ಯವಾಗಿ ಇರುವುದು ಶುಗರ್ ಒಂದೇ.

ಮುಂದಿನ ತಿಂಗಳು ಫೀಲ್ಡ್ ಆಫೀಸರ್ ಪ್ರಮೋಷನ್. ಸೀನಿಯಾರಿಟಿಯಲ್ಲಿ ನನ್ನದೇ ಸರದಿ. ಜೋಯಿಡಾ ಕಡೆ ಬೈಕಿನಲ್ಲಿ ತಿರುಗುವ ಕೆಲಸ, ದಾರಿಯಲ್ಲಿ ಬಿದ್ದರೆ ಯಾರು ಜವಾಬ್ದಾರಿ, ನಿಮ್ಮ ಒಳ್ಳೆಯದಕ್ಕೇ ಬೇಡ ಅಂದೆವು ಅಂದರು. ವಾಸಿಂ ಅಕ್ರಂಗೆ 1997ರಲ್ಲಿ ಟೈಪ್ ಒನ್ ಬಂತು. ಆಮೇಲೂ ಆರು ವರ್ಷ ಬೌಲ್ ಮಾಡಿ, 2003ರ ವಿಶ್ವಕಪ್ಪಿನಲ್ಲಿ 500ನೇ ಏಕದಿನ ವಿಕೆಟ್ ತೆಗೆದ. ನಮ್ಮ ಸಾಹೇಬರು ಸೆಲೆಕ್ಟರ್ ಆಗಿದ್ದರೆ, "ನಿಮ್ಮ ಒಳ್ಳೆಯದಕ್ಕೇ" ಅಂತ ಅವನ ಕೈಯಿಂದ ಬಾಲ್ ಕಿತ್ತುಕೊಂಡು ಡ್ರಿಂಕ್ಸ್ ತಳ್ಳುವ ಗಾಡಿ ಕೊಡುತ್ತಿದ್ದರು. ತೆರೆಸಾ ಮೇ ಅನ್ನುವ ಹೆಂಗಸು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಮೂರು ವರ್ಷ ಬ್ರಿಟನ್ನಿನ ಪ್ರಧಾನಿಯಾಗಿದ್ದರು. ಬ್ರಿಟನ್ ನಡೆಸಬಹುದು, ಜೋಯಿಡಾ ಕಷ್ಟ.

ಪ್ರಮೋಷನ್ ಯಾರಿಗೆ ಸಿಕ್ಕಿತು ಅನ್ನುವುದು ಇನ್ನೂ ಮಜಾ ಇದೆ. ಮಧ್ಯಾಹ್ನದೊಳಗೆ ಎರಡು ಲೀಟರಿನ ಬಾಟಲಿ ಖಾಲಿ ಮಾಡುವ, ಗಂಟೆಗೊಮ್ಮೆ ಬಾತ್‌ರೂಮಿಗೆ ಓಡುವ, ಮೂರು ಗಂಟೆಗೆ ಕೂತಲ್ಲೇ ತೂಕಡಿಸುವ, ಆರು ತಿಂಗಳಲ್ಲಿ ಬೆಲ್ಟಿಗೆ ಎರಡು ಹೊಸ ತೂತು ಮಾಡಿಸಿಕೊಂಡ ಒಬ್ಬರಿಗೆ. ಅವರ ಫೈಲಿನಲ್ಲಿ 'ಆರೋಗ್ಯ ಉತ್ತಮ' ಅಂತ ಇದೆ. ಅವರು ಯಾವತ್ತೂ ಪರೀಕ್ಷೆ ಮಾಡಿಸಿಲ್ಲ.

ಕಾನೂನು ಇಲ್ವಾ ಅಂತ ಒಬ್ಬ ವಕೀಲ ಗೆಳೆಯನನ್ನು ಕೇಳಿದೆ. ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 1995ರಲ್ಲಿ 7 ಬಗೆ ಇತ್ತಂತೆ, 2016ರಲ್ಲಿ 21 ಆಯಿತು. ಆ 21ರಲ್ಲಿ ಶುಗರ್ ಇಲ್ಲ. ಎಚ್‌ಐವಿ ಇರುವವರನ್ನು ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ 2017ರಲ್ಲಿ ಬೇರೆ ಕಾನೂನೇ ಬಂತು, ಒಳ್ಳೆಯದಾಯಿತು. ನಮಗೆ ಅಂಥದ್ದೂ ಇಲ್ಲ. ಅಂದರೆ ಸೌಲಭ್ಯ ಕೇಳಲು ಹೋದರೆ ನಾನು ಗಟ್ಟಿಮುಟ್ಟು, ಪ್ರಮೋಷನ್ ಕೇಳಲು ಹೋದರೆ ರೋಗಿಷ್ಟ. ದಿನಕ್ಕೆರಡು ಸಲ ವೇಷ ಬದಲಿಸುವುದು ಯಕ್ಷಗಾನದವರಿಗೂ ಕಷ್ಟವೇ.

ಇಷ್ಟೆಲ್ಲ ಆದ ಮೇಲೆ ನಮ್ಮವರಿಗೆ ಜಾಗೃತಿ ಬಂತು. ನವೆಂಬರ್ 14 ವಿಶ್ವ ಮಧುಮೇಹ ದಿನ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬನಾದ ಬ್ಯಾಂಟಿಂಗನ ಹುಟ್ಟುಹಬ್ಬ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಈ ಮದ್ದು ಚುಚ್ಚಿಸಿಕೊಂಡ ಹುಡುಗನಿಗೂ ಹದಿನಾಲ್ಕೇ ವರ್ಷ, ನನಗೆ ಬಂದಾಗಿನ ವಯಸ್ಸು. ಅದಕ್ಕೆ ಆ ದಿನ ಬಂದರೆ ನನಗೆ ಒಳಗೊಳಗೇ ಏನೋ ಒಂಥರಾ ಆಗುತ್ತದೆ. ಇರಲಿ. ನಮ್ಮಲ್ಲಿ ಅದು ಮಕ್ಕಳ ದಿನವೂ ಹೌದಲ್ಲ, ಹಾಗಾಗಿ ಆಫೀಸಿನಲ್ಲಿ ಉಚಿತ ಶುಗರ್ ತಪಾಸಣೆ, ಪರೀಕ್ಷೆ ಮಾಡಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಲಾಡು.

ಮೊದಲ ವರ್ಷ ಎಲ್ಲರೂ ನಗುನಗುತ್ತಾ ಬೆರಳು ಕೊಟ್ಟರು. ನಮ್ಮ ಹೊಸ ಫೀಲ್ಡ್ ಆಫೀಸರು ಮಾತ್ರ ಅವತ್ತು ಜೋಯಿಡಾದಲ್ಲಿದ್ದರು. ನನ್ನನ್ನು ಬಿಟ್ಟು ಆರು ಜನರಿಗೆ ಜಾಸ್ತಿ ಬಂತು, ಒಬ್ಬರಿಗೆ 312. ಪಟ್ಟಿ ಗುಟ್ಟಾಗಿ ಸಾಹೇಬರ ಟೇಬಲ್ಲಿಗೆ ಹೋಯಿತು, ಮರುದಿನ ಬಾಗಿಲು ಕಾಯುವವನಿಗೂ ಬಾಯಿಪಾಠ ಆಗಿತ್ತು. "ಅವಂಗೂ ಶುಗರಡ!" ಎರಡೇ ತಿಂಗಳಲ್ಲಿ ಆ ಆರು ಜನರಲ್ಲಿ ಇಬ್ಬರ ಓಡಾಟದ ಕೆಲಸ ತಪ್ಪಿತು, ಭತ್ಯೆಯೂ ಹೋಯಿತು. ಅವರ ಒಳ್ಳೆಯದಕ್ಕೇ.

ಈ ವರ್ಷ ಮತ್ತೆ ಶಿಬಿರ. ಪವಾಡ ನೋಡಿ, ಆರಕ್ಕೆ ಆರೂ ಜನರ ಶುಗರ್ ಮಾಯ! ಇಬ್ಬರಿಗೆ ಸರಿಯಾಗಿ ಅದೇ ದಿನ ಅಜ್ಜನ ಶ್ರಾದ್ಧ ಬಂದಿತ್ತು. ಅದರಲ್ಲಿ ಒಬ್ಬ ಅಜ್ಜನನ್ನು ಹಿಂದಿನ ವಾರ ಬಿಡಕಿ ಬೈಲಿನಲ್ಲಿ ನಾನೇ ಮಾತಾಡಿಸಿದ್ದೆ. ಉಳಿದ ನಾಲ್ವರದ್ದು, ಜೊತೆಗೆ ಈ ಸಲ ತಪ್ಪಿಸಿಕೊಳ್ಳಲಾಗದ ಫೀಲ್ಡ್ ಆಫೀಸರದ್ದು, 94, 97, 92, 98, 93. ಐವರದ್ದೂ ಅಣ್ಣ ತಮ್ಮಂದಿರ ಹಾಗೆ.

ನಾನು ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಲ್ಯಾಬಿನ ಹುಡುಗ ತಲೆ ಎತ್ತುವವನಲ್ಲ. ಚೀಟಿ ಓದುತ್ತಾನೆ, ಬೆರಳು ಹಿಡಿಯುತ್ತಾನೆ, ಚುಚ್ಚುತ್ತಾನೆ, ಬರೆಯುತ್ತಾನೆ. ನಮ್ಮ ಅಟೆಂಡರ್ ಹುಡುಗ ಐದು ಚೀಟಿ ಹಿಡಿದು ಐದು ಸಲ ಬಂದ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಹೀಗೆ ಎಡಗೈ ಪೂರ್ತಿ ಮುಗಿಸಿದ. ಸಂಜೆ ಮೆಟ್ಟಿಲ ಮೇಲೆ ಕೂತು, ಐದು ಬೆರಳಿಗೂ ಹತ್ತಿ ಒತ್ತಿಕೊಂಡು, ಹಳೆಯ ಪೇಪರಿನಲ್ಲಿ ಐದು ಲಾಡು ಕಟ್ಟುತ್ತಿದ್ದ.

"ನಿನ್ನದೂ ಒಂದು ಬರೆಸಿದ್ಯಾ ತಮ್ಮಾ?" ಅಂದೆ.

"ನಂದೆಲ್ಲಿ ಸಾರ್, ನಾ ಕಂಟ್ರಾಕ್ಟು. ಲಿಸ್ಟಲ್ಲಿ ಹೆಸ್ರೇ ಇಲ್ಲ." ಹಲ್ಲಿನಲ್ಲಿ ದಾರ ಕಚ್ಚಿ ಗಂಟು ಬಿಗಿದ. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಮಾಡುವ ಹಾಗೆ ಹೇಳಿದ. "ಮುಂದಿನ ವರ್ಷ ನೀವೂ ಚೀಟಿ ಕೊಡಿ ಸಾರ್. ಬಲಗೈ ಹಾಗೇ ಇದೆ."