‘ಲೈಸೆನ್ಸ್ ಇರೋ ಕಂಟ್ರಾಕ್ಟರ್’ ಬೇಕಂತೆ. ಯಾವ ಲೈಸೆನ್ಸು ಸ್ವಾಮಿ?

ಮೈಸೂರಿನ ಬೋಗಾದಿ ರಿಂಗ್ ರೋಡ್ ಪಕ್ಕ ಇವತ್ತು ಒಂದು ಫ್ಲೆಕ್ಸ್ ಕಣ್ಣಿಗೆ ಬಿತ್ತು. ‘ಗವರ್ನಮೆಂಟ್ ಲೈಸೆನ್ಸ್ಡ್ ಕ್ಲಾಸ್ ಒನ್ ಕಂಟ್ರಾಕ್ಟರ್, ನಿಮ್ಮ ಕನಸಿನ ಮನೆ ನಮ್ಮ ಹೊಣೆ.’ ಕೆಳಗೆ ಮೊಬೈಲ್ ನಂಬರ್, ಮೇಲೆ ಚಾಮುಂಡಿ ತಾಯಿ, ಮಧ್ಯೆ ಯಾವುದೋ ದೇಶದ ಬಂಗಲೆ. ಅದನ್ನು ನೋಡಿ ಒಬ್ಬರು ನಂಬರ್ ಬರ್ಕೊಳ್ತಾ ಇದ್ದರು. ಈ ವಿಷಯದಲ್ಲಿ ನನಗೆ ತಾಳ್ಮೆ ಕಮ್ಮಿ ಅಂತ ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಉದ್ದ ಆಗುತ್ತೆ, ಓದಿ.

ನಿಮ್ಮ ಸೈಟಿನಲ್ಲಿ ನಿಮ್ಮ ಮನೆ ಕಟ್ಟಿಕೊಡೋ ಸಿವಿಲ್ ಕಂಟ್ರಾಕ್ಟರ್‌ಗೆ ಅಂತಲೇ ಕರ್ನಾಟಕದಲ್ಲಿ ಒಂದು ಲೈಸೆನ್ಸ್ ಇಲ್ಲ. ನಿನ್ನೆವರೆಗೆ ಜಲ್ಲಿ ಲಾರಿ ಓಡಿಸಿದವರೂ ಇವತ್ತು ಕಾರ್ಡ್ ಮಾಡಿಸಿ ಕಂಟ್ರಾಕ್ಟರ್ ಆಗಬಹುದು. ಹಾಗಾದರೆ ಆ ‘ಕ್ಲಾಸ್ ಒನ್’ ಏನು? ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನ ಒಂದರಿಂದ ನಾಲ್ಕನೇ ದರ್ಜೆವರೆಗೆ ನೋಂದಾಯಿಸುತ್ತೆ. ಎಷ್ಟು ಮೊತ್ತದ ಸರ್ಕಾರಿ ಟೆಂಡರ್ ಹಾಕಬಹುದು ಅನ್ನೋದು ಅದರಿಂದ ತೀರ್ಮಾನ ಆಗುತ್ತೆ. ರಸ್ತೆ, ಚರಂಡಿ, ಶಾಲಾ ಕೊಠಡಿ ಮಾಡೋಕೆ ಬೇಕಾದ ಅರ್ಹತೆ ಅದು. ನಿಮ್ಮ 30-40 ಸೈಟಿನ ಮೆಟ್ಟಿಲು ನೆಟ್ಟಗೆ ಬರುತ್ತೆ ಅನ್ನೋ ಗ್ಯಾರಂಟಿ ಅದರಲ್ಲಿಲ್ಲ. ಸುಳ್ಳು ಕಾಗದ ಅಂತ ನಾನು ಹೇಳ್ತಿಲ್ಲ, ಬೇರೆ ಕೆಲಸದ ಕಾಗದ ಅಂತಿದ್ದೀನಿ. ತೋರಿಸಿದರೆ ನೋಡಿ, ಯಾರ ಹೆಸರಲ್ಲಿದೆ, ಯಾವ ತಾರೀಖಿನವರೆಗೆ ಇದೆ ಕೇಳಿ. ಮಾವನ ಹೆಸರಿನ ನೋಂದಣಿ ಇಟ್ಕೊಂಡು ಅಳಿಯ ಕೆಲಸ ಮಾಡೋದು ಮಾಮೂಲು.

ಇನ್ನು ಕೆಲವರು ‘ರೇರಾ ನಂಬರ್ ಇದೆ’ ಅಂತಾರೆ. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಅಲ್ಲಿ ನೋಂದಣಿ ಆಗೋದು ಮಾರಾಟಕ್ಕಿರೋ ಪ್ರಾಜೆಕ್ಟು, ಅದೂ ಜಾಗ 500 ಚದರ ಮೀಟರ್ ದಾಟಿದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ. ಲೇಔಟಿನಲ್ಲಿ ಸೈಟು, ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟು ಕೊಳ್ಳೋರು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹುಡುಕಲೇಬೇಕು. ನಿಮ್ಮ ಸೈಟಿನಲ್ಲಿ ನಿಮ್ಮ ಮನೆ ಕಟ್ಟಿಸೋದಕ್ಕೂ ರೇರಾಗೂ ಸಂಬಂಧವೇ ಇಲ್ಲ.

ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸೋರು ಇನ್ನೊಂದು ಗುಂಪು. ಅದು ತೆರಿಗೆ ನೋಂದಣಿ, ಕಟ್ಟೋ ಯೋಗ್ಯತೆಯದ್ದಲ್ಲ. ಆದರೆ ಉಪಯೋಗ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ 15 ಅಕ್ಷರದ ನಂಬರ್ ಹಾಕಿ. ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತೆ. ಅಸಲಿ ಹೆಸರು, ನೋಂದಣಿ ತಾರೀಖು, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ಎಲ್ಲ ಬರುತ್ತೆ. ಜೊತೆಗೆ ಇದೊಂದು ನೆನಪಿರಲಿ: ಸಾಮಾನೆಲ್ಲ ನೀವೇ ಕೊಡಿಸಿ ಬರೀ ಲೇಬರ್ ಕಂಟ್ರಾಕ್ಟ್ ಕೊಟ್ಟಿದ್ದರೆ, ಒಂಟಿ ವಾಸದ ಮನೆಯ ಹೊಸ ನಿರ್ಮಾಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಗುತ್ತಿಗೆಯಾದರೆ 18 ಪರ್ಸೆಂಟ್. ಲೇಬರ್ ಬಿಲ್ಲಿಗೂ 18 ಹಾಕಿ ಕೊಟ್ಟರೆ ಸುಮ್ಮನೆ ಕಟ್ಟಬೇಡಿ.

ಹಾಗಾದರೆ ಯಾವ ಲೈಸೆನ್ಸ್ ಕೇಳಬೇಕು? ಮೊದಲು ಎಲೆಕ್ಟ್ರಿಕಲ್. ಇಲ್ಲಿ ನಿಜವಾದ ಲೈಸೆನ್ಸ್ ಇದೆ, ಆದರೆ ಯಾರೂ ಕೇಳಲ್ಲ! ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಕಂಟ್ರಾಕ್ಟರ್‌ಗೆ ಲೈಸೆನ್ಸು, ಸೂಪರ್‌ವೈಸರ್‌ಗೆ, ವೈರ್‌ಮ್ಯಾನ್‌ಗೆ ಪರ್ಮಿಟ್ಟು. ನಮ್ಮ ಕಡೆ ಕರೆಂಟ್ ಕೊಡೋ ಚೆಸ್ಕಾಂ ಮೀಟರ್ ಕೂರಿಸಬೇಕಾದರೆ ಲೈಸೆನ್ಸ್ ಇದ್ದ ಕಂಟ್ರಾಕ್ಟರ್ ಸಹಿ ಮಾಡಿದ ರಿಪೋರ್ಟ್ ಬೇಕು. ಮೋಸ ನಡೆಯೋದು ಅಲ್ಲೇ. ಪೈಪು ತುರುಕಿ ವೈರ್ ಎಳೆಯೋನು ಯಾವುದೋ ಹುಡುಗ, ಸಹಿ ಮಾತ್ರ ಬಾಡಿಗೆಗೆ ಬರುತ್ತೆ. ಸಹಿ ಹಾಕುವ ವ್ಯಕ್ತಿ ಕನಿಷ್ಠ ಎರಡು ದಿನ ಸೈಟಿಗೆ ಬರಲಿ ಅಂತ ಮೊದಲೇ ಹೇಳಿ: ಅರ್ಥಿಂಗ್ ಗುಂಡಿ ತೋಡುವಾಗ ಒಮ್ಮೆ, ಡಿಬಿ ಬಾಕ್ಸ್ (ಇಡೀ ಮನೆಗೆ ಕರೆಂಟ್ ಹಂಚೋ ಪೆಟ್ಟಿಗೆ) ಕೂರಿಸುವಾಗ ಒಮ್ಮೆ. ಡಿಬಿಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ನೋಡಿ, ಅದರ ಟೆಸ್ಟ್ ಬಟನ್ ಒತ್ತಿಸಿ. ‘ಎಂಸಿಬಿ ಐತಲ್ಲ ಸಾ, ಸಾಕು’ ಅಂದರೆ ಆಸಾಮಿಗೆ ಎರಡಕ್ಕೂ ಇರೋ ವ್ಯತ್ಯಾಸ ಗೊತ್ತಿಲ್ಲ. ಎಂಸಿಬಿ ಕಾಯೋದು ವೈರನ್ನ, ಆರ್‌ಸಿಸಿಬಿ ಕಾಯೋದು ಗೀಸರ್ ಮುಟ್ಟಿದ ನಿಮ್ಮನ್ನ.

ಆಮೇಲೆ ಎಂಜಿನಿಯರ್, ಆರ್ಕಿಟೆಕ್ಟ್. ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು. ನಂಬರ್ ‘ಸಿಎ’ ಅಂತ ಶುರುವಾಗಿ, ನೋಂದಣಿ ಆದ ವರ್ಷ ಅದರಲ್ಲೇ ಇರುತ್ತೆ. ಪ್ಲಾನಿಗೆ ಸಹಿ ಹಾಕುವ ಎಂಜಿನಿಯರ್ ಪಾಲಿಕೆಯಲ್ಲಿ ನೋಂದಾಯಿತರಾ ಅಂತ ನಿಮ್ಮ ವಲಯ ಕಚೇರಿಯಲ್ಲಿ ಕೇಳಿ. ಮಂಡ್ಯದವರು ನಗರಸಭೆಯಲ್ಲಿ ಕೇಳಿ. ಕಂಟ್ರಾಕ್ಟರ್ ಹುಡುಕೋ ಕೆಲಸ ಶುರುವಾಗಬೇಕಾದ್ದೇ ಇವರಿಂದ, ಫ್ಲೆಕ್ಸ್‌ನಿಂದ ಅಲ್ಲ. ಯಾರ ಕಂಬಿ ಕೆಲಸ ಶುದ್ಧ, ಯಾರು ಅರ್ಧಕ್ಕೆ ಬಿಟ್ಟು ಹೋದರು ಅನ್ನೋದು ಸ್ಟ್ರಕ್ಚರಲ್ ಎಂಜಿನಿಯರ್‌ಗಳಿಗೆ ಬಾಯಿಪಾಠ. ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಮೈಸೂರು ಕೇಂದ್ರದಲ್ಲೂ ವಿಚಾರಿಸಬಹುದು. ಸದಸ್ಯತ್ವವೂ ಲೈಸೆನ್ಸ್ ಅಲ್ಲ, ಮತ್ತೆ ಅದನ್ನೇ ಹೇಳ್ತಿದ್ದೀನಿ.

‘ಅಯ್ಯೋ, ಇವೆಲ್ಲ ಯಾಕೆ? ನಮ್ಮ ಪಕ್ಕದ ಮನೆ ಕಟ್ಟಿದ ಮೇಸ್ತ್ರಿ ಇದ್ದಾರಲ್ಲ, ಕಾಗದ ಇಲ್ಲದಿದ್ದರೂ ಕೈ ಚೆನ್ನಾಗಿದೆ’ ಅಂತೀರಿ. ಇರಬಹುದು. ಒಳ್ಳೆ ಮೇಸ್ತ್ರಿ ಕೈಕೆಲಸಕ್ಕೆ ಡಿಗ್ರಿ ಸಮ ಅಲ್ಲ, ಒಪ್ಪಿದೆ. ಆದರೆ ಪಕ್ಕದ ಮನೆಯಲ್ಲಿ ನೀವು ನೋಡಿದ್ದು ಪೇಂಟು, ಟೈಲ್ಸು, ಪಿಒಪಿ. ಗೃಹಪ್ರವೇಶದ ಊಟದ ದಿನ ಎಲ್ಲ ಮನೆಯೂ ಚೆನ್ನಾಗೇ ಇರುತ್ತೆ. ಮುಗಿದ ಮನೆ ನೋಡಬೇಡಿ. ಆತ ಈಗ ಕಟ್ಟುತ್ತಿರೋ ಮನೆಗೆ, ಮೋಲ್ಡ್, ಅಂದರೆ ತಾರಸಿ ಕಾಂಕ್ರೀಟ್, ಹಾಕೋ ಹಿಂದಿನ ದಿನ ಹೋಗಿ.

ಹೋದಾಗ ಕಂಬಿ ಕೆಳಗೆ ಬಗ್ಗಿ ನೋಡಿ. ಸೆಂಟ್ರಿಂಗ್ ಶೀಟಿಗೂ (ಕಾಂಕ್ರೀಟ್ ಗಟ್ಟಿಯಾಗೋವರೆಗೆ ಹೊರೋ ತಾತ್ಕಾಲಿಕ ಹಲಗೆ) ಕಂಬಿಗೂ ನಡುವೆ ಅಂತರ ಕಾಯೋ ಕವರ್ ಬ್ಲಾಕ್ ಇರಬೇಕು: ತಾರಸಿಗೆ ಕನಿಷ್ಠ 20 ಮಿಲಿಮೀಟರ್, ಕಾಲಂಗೆ 40, ಫುಟಿಂಗ್‌ಗೆ 50. ಜಲ್ಲಿ ಚೂರು ಇಟ್ಟಿದ್ದರೆ, ಕಾಂಕ್ರೀಟ್ ಸುರಿಯೋರು ಮೇಲೆ ಓಡಾಡಿದಾಗ ಅದು ಜಾರುತ್ತೆ, ಕಂಬಿ ಶೀಟಿಗೆ ತಾಗುತ್ತೆ, ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಊದಿ ಸೀಲಿಂಗ್ ಗಾರೆ ತಲೆ ಮೇಲೆ ಬೀಳುತ್ತೆ. ಆಗ ‘ಸಿಮೆಂಟ್ ಸರಿ ಇಲ್ಲ’ ಅಂತ ಕಂಪನಿಗೆ ಬೈತಾರೆ. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, ಒಂದನ್ನ ತೂಗಿಸಿ. ಹೆಚ್ಚುಕಮ್ಮಿ 10.6 ಕೆಜಿ ಬರಬೇಕು. 10ಕ್ಕಿಂತ ಕೆಳಗೆ ಬಂದರೆ ಆ ಲೋಡ್ ವಾಪಸ್. ಇನ್ನು ನೀರು. ಎಂ20 ಮಿಕ್ಸ್‌ಗೆ, ಅಂದರೆ ಒಂದು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ, 50 ಕೆಜಿ ಚೀಲಕ್ಕೆ 30 ಲೀಟರ್ ಮೀರಬಾರದು. ಲಿಫ್ಟ್‌ನಲ್ಲಿ ಸಲೀಸಾಗಿ ಜಾರಲಿ ಅಂತ ಕೊಡಗಟ್ಟಲೆ ಸುರಿಯೋದನ್ನ ನೋಡಿದರೆ ಅಲ್ಲಿಂದಲೇ ಮನೆಗೆ ನಡೀರಿ. ಕಂಟ್ರಾಕ್ಟರ್‌ನ ಕೇಳಿ: ‘ಸೆಂಟ್ರಿಂಗ್ ಯಾವಾಗ ಬಿಚ್ತೀರಾ?’ ತಾರಸಿಯ ಸ್ಪ್ಯಾನ್, ಅಂದರೆ ಆಧಾರದಿಂದ ಆಧಾರಕ್ಕೆ ಇರೋ ದೂರ, 4.5 ಮೀಟರ್‌ವರೆಗಿದ್ದರೆ ಊರುಗೋಲು ಕನಿಷ್ಠ 7 ದಿನ, ಅದಕ್ಕೂ ದೊಡ್ಡದಕ್ಕೆ 14, 6 ಮೀಟರ್‌ವರೆಗಿನ ತೊಲೆಗೆ 14, ಅದಕ್ಕೂ ಉದ್ದದ್ದಕ್ಕೆ 21. ಇದು ಓಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟಿನ ಲೆಕ್ಕ. ಈಗ ಸಿಗೋ ಪಿಪಿಸಿಗೆ (ಹಾರುಬೂದಿ ಬೆರೆಸಿದ ಸಿಮೆಂಟು) ಇನ್ನೂ ತಡ ಮಾಡಬೇಕು. ‘ನಾಲ್ಕ್ ದಿನಕ್ಕೆ ಬಿಚ್ಚಾಕ್ತೀವಿ, ಶೀಟ್ ಬಾಡಿಗೆ ಜಾಸ್ತಿ ಆಯ್ತದೆ’ ಅಂದವರನ್ನ ಯಾವ ಲೈಸೆನ್ಸೂ ಕಾಪಾಡಲ್ಲ.

ಮಂಡ್ಯ ಕಡೆಯವರಿಗೆ ಇನ್ನೊಂದು ಮಾತು. ವಿ.ಸಿ. ನಾಲೆ ಅಚ್ಚುಕಟ್ಟಿನ ಗದ್ದೆಗಳೆಲ್ಲ ಲೇಔಟ್ ಆಗಿವೆ. ಮೇಲೆ ಎರಡಡಿ ಗ್ರಾವೆಲ್ ಹೊಡೆದ ಮಾತ್ರಕ್ಕೆ ಕೆಳಗಿನ ಕೆಸರುಮಣ್ಣು ಗಟ್ಟಿಯಾಗಲ್ಲ. ಮಣ್ಣು ಪರೀಕ್ಷೆಯೇ ಇಲ್ಲದೆ ‘ಐದಡಿ ಪಾಯ ಸಾಕು’ ಅಂತ ನಿಂತಲ್ಲೇ ಹೇಳೋರನ್ನ ದೂರ ಇಡಿ.

ಈಗ ದುಡ್ಡು. ‘ಚದರಕ್ಕೆ (ಅಂದರೆ 100 ಚದರ ಅಡಿಗೆ) ಎಷ್ಟು?’ ಅಂತ ಕೇಳ್ತೀರಿ, ನಾಲ್ಕು ಜನರ ರೇಟ್ ಹೋಲಿಸಿ ಕಮ್ಮಿ ಹೇಳಿದವರಿಗೆ ಕೊಡ್ತೀರಿ. ಸಂಪು, ಸೆಪ್ಟಿಕ್ ಗುಂಡಿ, ಕಾಂಪೌಂಡು, ಓವರ್‌ಹೆಡ್ ಟ್ಯಾಂಕು ಆ ರೇಟಿನಲ್ಲಿದೆಯಾ? ಪೋರ್ಟಿಕೊ, ಮೆಟ್ಟಿಲಿನ ಹೆಡ್‌ರೂಮ್ ಪೂರ್ತಿ ಚದರವಾ, ಅರ್ಧವಾ? ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಕಮ್ಮಿ ರೇಟಿನವರೇ ಕೊನೆಗೆ ದುಬಾರಿ. ಅದಕ್ಕಿಂತ ಕೆಟ್ಟದ್ದು ಕಂತಿನ ಲೆಕ್ಕ. ನಮ್ಮ ಕಡೆ ಓಡಾಡೋ ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ಮೋಲ್ಡ್ ಆಗೋ ಹೊತ್ತಿಗೆ ನೂರಕ್ಕೆ 85, 90 ಕೊಟ್ಟಾಗಿರುತ್ತೆ. ಉಳಿದ ದುಡ್ಡಿಗಿಂತ ಉಳಿದ ಕೆಲಸವೇ ಹೆಚ್ಚು ಖರ್ಚಿನದು. ಆ ಕಂಟ್ರಾಕ್ಟರ್ ಮುಂದಿನ ಸೈಟಿನ ಅಡ್ವಾನ್ಸ್ ತಗೊಂಡು ಅತ್ತ ಹೋಗ್ತಾರೆ, ಫೋನ್ ಸ್ವಿಚ್ ಆಫ್. ಅವರು ಕೆಟ್ಟವರೇ ಅಂತಲೂ ಅಲ್ಲ, ಲೆಕ್ಕವೇ ಅವರನ್ನ ಓಡಿಸುತ್ತೆ. ಒಂದಂತಸ್ತಿನ ಮನೆಗೆ ನಾನು ಹೇಳೋದು ಹೀಗೆ: ನೂರಕ್ಕೆ ಅಡ್ವಾನ್ಸ್ 5, ಪ್ಲಿಂತ್‌ಗೆ (ಪಾಯ ಮುಗಿದು ನೆಲದ ಮಟ್ಟ ಬಂದಾಗ) 15, ಲಿಂಟಲ್‌ಗೆ (ಬಾಗಿಲು, ಕಿಟಕಿ ಮೇಲಿನ ತೊಲೆ) 15, ಮೋಲ್ಡ್‌ಗೆ 20, ಗಾರೆಗೆ 15, ವೈರಿಂಗ್, ಪ್ಲಂಬಿಂಗ್, ನೆಲಕ್ಕೆ ಸೇರಿ 15, ಪೇಂಟಿಗೆ 10. ಕೊನೇ 5 ಒಂದು ಮಳೆಗಾಲ ಕಳೆದ ಮೇಲೆ. ‘ಮಳೆಗಾಲ ಕಳೆದ ಮೇಲೆ’ ಅಂದಾಗ ಎದುರಿಗಿರೋರ ಮುಖ ನೋಡಿ, ಅರ್ಧ ಇಂಟರ್‌ವ್ಯೂ ಅಲ್ಲೇ ಮುಗಿಯುತ್ತೆ.

ಕೆಲಸಗಾರರ ಹತ್ತಿರ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯಾ ಅಂತಲೂ ವಿಚಾರಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಸಿಗೋದು ಅದು. ಕಾರ್ಡ್ ಇರೋ ತಂಡ ಅಂದರೆ ಹೆಚ್ಚಾಗಿ ಕಾಯಂ ತಂಡ. ಬೆಳಿಗ್ಗೆ ಸರ್ಕಲ್‌ನಲ್ಲಿ ಸಿಕ್ಕವರನ್ನ ಆಟೋ ಹತ್ತಿಸಿಕೊಂಡು ಬರೋರ ಕೆಲಸ ದಿನಕ್ಕೊಂದು ಥರ ಇರುತ್ತೆ.

‘ಕಾಗದ ಇದ್ದೋರೂ ಕೈ ಕೊಡ್ತಾರೆ’ ಅಂತ ಯಾರಾದರೂ ಕೆಳಗೆ ಬರೀತೀರಿ, ಗೊತ್ತು. ಕೊಡ್ತಾರೆ. ಅದಕ್ಕೇ ಅಗ್ರಿಮೆಂಟ್ ಸ್ಟಾಂಪ್ ಪೇಪರ್ ಮೇಲಿರಲಿ, ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ, ಪ್ರತಿ ಕಂತಿಗೆ ರಸೀದಿ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ. ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 20ರಿಂದ 50 ಲಕ್ಷಕ್ಕೂ 1000 ರೂಪಾಯಿ ಅಷ್ಟೇ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು 1915ಕ್ಕೆ ಫೋನ್ ಮಾಡಿ ಕೇಳಿದರೂ ಆಯ್ತು. ಎಲ್ಲ ಕ್ಯಾಶ್‌ನಲ್ಲೇ ಕೊಟ್ಟು, ಹಾಳೆ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಬರೆಸಿಕೊಂಡು ಬಂದವರು ಮಾತ್ರ ನನಗೆ ಇನ್‌ಬಾಕ್ಸ್ ಮಾಡಬೇಡಿ.