ಒಟ್ಟಿಗಿದ್ದ ಡೇಟಾವನ್ನು ಒಡೆದವರೇ ಬಂದು ಜೋಡಿಸಲಿ

ಹೊಟ್ಟೆ ಉರಿಯುತ್ತಿದೆ. ಇವತ್ತು ಇದನ್ನು ಹೇಳಿಯೇ ತೀರಬೇಕು.

ನಾವು ಮಾಡಿರುವುದು ಟ್ಯೂಷನ್ ಸೆಂಟರ್‌ಗಳ ಅಪ್ಲಿಕೇಶನ್. ವಿಜಯನಗರ, ರಾಜಾಜಿನಗರ, ಜೆ.ಪಿ. ನಗರ, ಹೀಗೆ ಬೆಂಗಳೂರಿನ ತುಂಬ ಶಾಖೆಗಳಿವೆ. ಒಬ್ಬ ಹುಡುಗ ಮ್ಯಾಥ್ಸ್, ಫಿಸಿಕ್ಸ್, ಸಿಇಟಿ ಅಂತ ಮೂರ್ನಾಲ್ಕು ಬ್ಯಾಚಿಗೆ ಸೇರುತ್ತಾನೆ. ಒಂದೊಂದು ಬ್ಯಾಚಿನಲ್ಲೂ ಹತ್ತಾರು ಮಕ್ಕಳು. ಮೆನಿ-ಟು-ಮೆನಿ ಅಂದರೆ ಇದೇ ಅಲ್ವಾ? ನಡುವೆ ಒಂದು ಸಣ್ಣ ಟೇಬಲ್ ಇಟ್ಟು, ಮಗುವಿನ ಐಡಿ ಮತ್ತು ಬ್ಯಾಚಿನ ಐಡಿ ಬರೆದು, ಎರಡಕ್ಕೂ ಫಾರಿನ್ ಕೀ (ಆ ಐಡಿ ಮೂಲ ಟೇಬಲಿನಲ್ಲಿ ಇರಲೇಬೇಕು ಅನ್ನುವ ಕಟ್ಟು) ಹಾಕಿದರೆ ಕೆಲಸ ಮುಗಿಯಿತು. ಇಲ್ಲದ ಮಗುವನ್ನು ಬ್ಯಾಚಿಗೆ ಸೇರಿಸಲು ಡೇಟಾಬೇಸೇ ಬಿಡುವುದಿಲ್ಲ. ಕ್ಯಾಸ್ಕೇಡ್ ಹಾಕಿದ್ದರೆ, ಮಗುವಿನ ಹೆಸರು ಅಳಿಸಿದ ತಕ್ಷಣ ನಡುವಿನ ಸಾಲನ್ನೂ ಅದೇ ಅಳಿಸುತ್ತದೆ. ನಮ್ಮಲ್ಲಿ ಹಾಗೇ ಇತ್ತು. ಚೆನ್ನಾಗಿ ನಡೆಯುತ್ತಿತ್ತು.

ಆಮೇಲೆ ಮೇಲಿನವರು ಬಂದು ಡೇಟಾಬೇಸ್ ಒಡೆಯಿರಿ ಅಂದರು. ಮಕ್ಕಳ ಮಾಹಿತಿ ಒಂದು ಸರ್ವರಿನಲ್ಲಿ, ಬ್ಯಾಚುಗಳು ಇನ್ನೊಂದರಲ್ಲಿ. ಯಾಕೆ ಅಂತ ಕೇಳಿದರೆ ಮೈಕ್ರೋಸರ್ವೀಸ್ (ಒಂದೇ ಅಪ್ಲಿಕೇಶನ್ನನ್ನು ಸಣ್ಣ ಸಣ್ಣ ಬೇರೆ ಭಾಗಗಳಾಗಿ ನಡೆಸುವುದು), ಸ್ಕೇಲ್ (ಬಳಕೆ ಎಷ್ಟು ಬೆಳೆದರೂ ತಡೆದುಕೊಳ್ಳುವುದು) ಅಂದರು. ನಮ್ಮ ಎಲ್ಲ ಶಾಖೆಗಳ ಡೇಟಾ ಒಂದು ಸಾಧಾರಣ ಸರ್ವರಿನಲ್ಲಿ ಆರಾಮಾಗಿ ಕೂರುತ್ತದೆ. ಯಾವ ಸ್ಕೇಲ್ ಸ್ವಾಮಿ? ಫಾರಿನ್ ಕೀ ಏನಾಗುತ್ತದೆ ಅಂತ ಮೀಟಿಂಗಿನಲ್ಲಿ ಕೇಳಿದೆ. “ಅದನ್ನೆಲ್ಲ ಕೋಡಿನಲ್ಲಿ ನೋಡಿಕೊಳ್ಳಿ” ಅಂದುಬಿಟ್ಟರು.

ಕೋಡಿನಲ್ಲಿ ಏನಂತ ನೋಡಿಕೊಳ್ಳುವುದು? ನಾವು ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಡೇಟಾಬೇಸಿನಿಂದ ಇನ್ನೊಂದಕ್ಕೆ ಫಾರಿನ್ ಕೀ ಹಾಕಲು ಆಗುವುದೇ ಇಲ್ಲ. 2013ರಲ್ಲಿ 9.3ನೇ ಆವೃತ್ತಿಯ ಜೊತೆ ಬಂದ ಪೋಸ್ಟ್‌ಗ್ರೆಸ್ ಎಫ್‌ಡಿಡಬ್ಲ್ಯೂ ಅನ್ನುವ, ಬೇರೆ ಡೇಟಾಬೇಸನ್ನು ಮುಟ್ಟುವ ಸೌಲಭ್ಯ ಇದೆ, ಹೌದು. ಅದರಿಂದ ಆ ಕಡೆಯ ಟೇಬಲನ್ನು ಓದಬಹುದು, ಬರೆಯಬಹುದು, ಆದರೆ ಅದಕ್ಕೆ ಫಾರಿನ್ ಕೀ ಕಟ್ಟಲು ಬಿಡುವುದಿಲ್ಲ. ಅಪ್ಲಿಕೇಶನ್ ಕಟ್ಟಲು ನಾವು ಬಳಸುವ ಜಾಂಗೋ ಫ್ರೇಮ್‌ವರ್ಕ್ 2010ರಿಂದಲೇ ಹಲವು ಡೇಟಾಬೇಸ್‌ಗಳ ಜೊತೆ ಮಾತಾಡುತ್ತದೆ. ಆದರೆ ಎರಡು ಡೇಟಾಬೇಸ್ ದಾಟುವ ಫಾರಿನ್ ಕೀಗೂ ಮೆನಿ-ಟು-ಮೆನಿಗೂ ಬೆಂಬಲ ಇಲ್ಲ ಅಂತ ಅದರ ಡಾಕ್ಯುಮೆಂಟೇಶನ್‌ನಲ್ಲಿ ನೇರವಾಗಿ ಬರೆದಿದ್ದಾರೆ. ನಿರ್ಧಾರ ಮಾಡುವ ಮೊದಲು ಆ ಒಂದು ಪುಟ ಓದಲು ಐದು ನಿಮಿಷ ಸಾಕಿತ್ತು.

ಇದರ ಪೆಟ್ಟು ಯಾರಿಗೆ ಬಿತ್ತು ನೋಡಿ. ವಿಜಯನಗರ ಶಾಖೆಯ ಕೌಂಟರಿನಲ್ಲಿರುವ ಮೇಡಂ ಫೋನ್ ಮಾಡಿದರು. “ಸಾರ್, ಸಿಇಟಿ ಬ್ಯಾಚ್ ಫುಲ್ ಅಂತ ತೋರಿಸ್ತಿದೆ. ಒಳಗೆ ನೋಡಿದ್ರೆ ಬೆಂಚೆಲ್ಲ ಖಾಲಿ. ಇಲ್ಲೊಬ್ರು ತಾಯಿ ಬೆಳಗ್ಗೆಯಿಂದ ಕೂತಿದಾರೆ, ಏನ್ ಹೇಳ್ಲಿ?” ತೆಗೆದು ನೋಡಿದರೆ ಬ್ಯಾಚಿನಲ್ಲಿ 30 ಸಾಲುಗಳು. ಅದರಲ್ಲಿ 8 ಮಕ್ಕಳು ಯಾವಾಗಲೋ ಬಿಟ್ಟುಹೋದವರು. ಅವರ ಹೆಸರುಗಳು ಒಂದು ಸರ್ವರಿನಲ್ಲಿ ಅಳಿಸಿವೆ. ಐಡಿಗಳು ಮಾತ್ರ ಇನ್ನೊಂದರಲ್ಲಿ ಸೀಟು ಹಿಡಿದುಕೊಂಡು ಕೂತಿವೆ. ಅಳಿಸು ಅಂತ ನಮ್ಮ ಕೋಡ್ ಕಳಿಸಿದ ಸಂದೇಶ ನಡುವೆ ಎಲ್ಲೋ ಟೈಮ್‌ಔಟ್ ಆಗಿದೆ. ಆ ತಾಯಿ ಮಗಳನ್ನು ಕರೆದುಕೊಂಡು ಬಂದು, ಖಾಲಿ ಬೆಂಚನ್ನು ಕಣ್ಣಾರೆ ನೋಡುತ್ತಾ, ಜಾಗ ಇಲ್ಲ ಅನ್ನಿಸಿಕೊಳ್ಳಬೇಕಾ? ಕೌಂಟರಿನ ಮೇಡಂ ಸುಮ್ನೆ ಬೈಗುಳ ತಿನ್ನಬೇಕಾ? ಒಡೆಯಿರಿ ಅಂದವರಿಗೆ ಮಾತ್ರ ಒಂದು ಫೋನೂ ಹೋಗಲಿಲ್ಲ.

ಇನ್ನು ಪಟ್ಟಿ ತೋರಿಸುವ ಕಥೆ. ಬ್ಯಾಚಿನ ಮಕ್ಕಳನ್ನು ಹೆಸರಿನ ಪ್ರಕಾರ, ಪುಟಕ್ಕೆ 20 ಅಂತ ತೋರಿಸಬೇಕು. ಮೊದಲು ಒಂದೇ ಜಾಯಿನ್ (ಎರಡು ಟೇಬಲನ್ನು ಜೋಡಿಸಿ ಒಟ್ಟಿಗೆ ಓದುವುದು) ಸಾಕಿತ್ತು. ಈಗ ಒಂದು ಕಡೆಯಿಂದ ಐಡಿಗಳನ್ನೆಲ್ಲ ತಂದು, ಇನ್ನೊಂದು ಕಡೆಗೆ ಆ ಉದ್ದದ ಪಟ್ಟಿ ಕಳಿಸಿ, ಹೆಸರು ತರಿಸಿಕೊಳ್ಳಬೇಕು. ಒಂದು ಬ್ಯಾಚಿಗೆ ಹೇಗೋ ನಡೆಯುತ್ತದೆ. ಎಲ್ಲ ಶಾಖೆಗಳ ವರದಿ ಕೇಳಿದರೆ ಪುಟ ತೆರೆಯುವುದೇ ಇಲ್ಲ. ಆಗ ಯಾಕೆ ಸ್ಲೋ ಅಂತ ನಮ್ಮನ್ನೇ ಕೇಳುತ್ತಾರೆ!

ನನಗೆ ಜಾಸ್ತಿ ಭಯ ಇರುವುದು ಬ್ಯಾಕಪ್ ಬಗ್ಗೆ. ಎರಡು ಸರ್ವರ್, ಎರಡು ಹೊತ್ತಿನ ಬ್ಯಾಕಪ್. ನಾಳೆ ಒಂದು ಕೆಟ್ಟು ಅದರ ಹಳೇ ಬ್ಯಾಕಪ್ ಹಾಕಿದರೆ, ನಡುವಿನ ಹೊತ್ತಿನಲ್ಲಿ ಸೇರಿದ ಮಕ್ಕಳೆಲ್ಲ ಒಂದು ಕಡೆ ಇರುತ್ತಾರೆ, ಇನ್ನೊಂದು ಕಡೆ ಇರುವುದಿಲ್ಲ. ಫೀಸು ಕಟ್ಟಿದವರಿಗೆ ಏನು ಉತ್ತರ ಕೊಡುವುದು? ಇದನ್ನು ಕೇಳಿದಾಗಲೆಲ್ಲ “ನೋಡೋಣ” ಅನ್ನುತ್ತಾರೆ.

ಒಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಡೇಟಾ ಇದ್ದರೆ ಒಡೆಯಿರಿ. ಬೇರೆ ಬೇರೆ ತಂಡಕ್ಕೆ ಬೇರೆ ಜಾಗ ಬೇಕು ಅನ್ನುವುದಾದರೆ ಪೋಸ್ಟ್‌ಗ್ರೆಸ್‌ನಲ್ಲಿ ಸ್ಕೀಮಾ ಇದೆ, ಟೇಬಲ್‌ಗಳನ್ನು ಬೇರೆ ಬೇರೆ ಇಡುವ ಕೋಣೆಗಳ ಹಾಗೆ. ಒಂದೇ ಡೇಟಾಬೇಸಿನೊಳಗೆ ಎರಡು ಸ್ಕೀಮಾ ಮಾಡಿ, ಅನುಮತಿ ಬೇರೆ ಬೇರೆ ಕೊಡಿ. ಫಾರಿನ್ ಕೀ, ಜಾಯಿನ್, ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲ ಬದಲಾವಣೆಯೂ ಒಟ್ಟಿಗೆ, ಇಲ್ಲದಿದ್ದರೆ ಯಾವುದೂ ಇಲ್ಲ), ಎಲ್ಲ ಉಳಿಯುತ್ತವೆ. ಇದನ್ನೂ ಮೀಟಿಂಗಿನಲ್ಲಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಫೀಸಿನ ಟೇಬಲನ್ನೂ ಮೂರನೇ ಸರ್ವರಿಗೆ ಹಾಕಬೇಕಂತೆ. ನಾನು ಮಾಡುವುದಿಲ್ಲ ಅಂತ ಮೇಲ್ ಹಾಕಿದ್ದೇನೆ. ಅಲ್ಲಿ ಲೆಕ್ಕ ತಪ್ಪಿದರೆ ಪೋಷಕರ ಫೋನ್ ಯಾರು ಎತ್ತುತ್ತಾರೆ ಅಂತ ಮೊದಲು ಹೆಸರು ಸಮೇತ ಬರೆದು ಕೊಡಲಿ.