ಎಡದೆತ್ತು ಮಲಗಿದ್ದು

ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನು ಹಾಕಿಕೊಂಡು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವುದು ನನ್ನ ಚಟ. ಹಳೆಯ ಮೊನೊ ಧ್ವನಿಮುದ್ರಣ. ಎರಡೂ ಕಿವಿಗೆ ಹೋಗುವುದು ಅದೇ ಹಾಡಾದ್ದರಿಂದ ಅವರು ನನ್ನ ತಲೆಯ ನಟ್ಟನಡುವೆ ಕೂತು ಹಾಡಬೇಕು. ಆವತ್ತು ಯಾಕೋ ಬಲಗಿವಿಯ ಕಡೆ ಸರಿದು ಕೂತಿದ್ದರು.

ಹೆಂಡತಿಗೆ ಹೇಳಿದೆ. "ನಿಮ್ಮ ಎಡಗಿವಿ ಕೇಳಲ್ಲ ಅಂತ ಹನ್ನೆರಡು ವರ್ಷದಿಂದ ಬಡ್ಕೋತಿದೀನಿ" ಅಂದಳು. ಸೋಫಾದಲ್ಲಿ ಅವಳು ಕೂರುವುದು ನನ್ನ ಎಡಕ್ಕೆ.

ಕಿವಿ ಡಾಕ್ಟರ ಹತ್ತಿರ ಹೋದೆ. ಎಡಗಿವಿ ಕನ್ನಡಿಯ ಹಾಗಿದೆ ಎಂದರು. ಬಲಗಿವಿಯಿಂದ ಮಾತ್ರ ಕಡಲೆಕಾಳಿನಷ್ಟು ಗುಗ್ಗೆ ತೆಗೆದು ಟ್ರೇಯಲ್ಲಿಟ್ಟು ತೋರಿಸಿದರು. ಅಂದರೆ ದುಡ್ಡು ಕೊಟ್ಟು, ಚೆನ್ನಾಗಿ ಕೇಳುತ್ತಿದ್ದ ಕಿವಿಯನ್ನೇ ಇನ್ನಷ್ಟು ಚೆನ್ನಾಗಿ ಮಾಡಿಸಿಕೊಂಡು ಬಂದೆ. ಆ ರಾತ್ರಿ ಮನ್ಸೂರರು ಬಲಗಿವಿಯ ಹೊಸ್ತಿಲಲ್ಲಿ ನಿಂತು ಹಾಡಿದರು.

ಹೆಡ್‌ಫೋನನ್ನು ತಿರುಗಾಮುರುಗಾ ಹಾಕಿ ನೋಡುವ ಬುದ್ಧಿ ಬಂದದ್ದು ಆಮೇಲೆ. ಹಾಕಿದೆ, ಈಗ ಎಡಗಿವಿ ಜೋರು, ಬಲಗಿವಿ ಪಿಸುಮಾತು. ಕಿವಿ ನಿರಪರಾಧಿ. ಫೋನಿಗೂ ಹೆಡ್‌ಫೋನಿಗೂ ನಡುವೆ ನಾನಿಟ್ಟಿದ್ದ ಡಬ್ಬಿಯನ್ನು ಬಿಟ್ಟು, ಅದೇ ಹೆಡ್‌ಫೋನನ್ನು ನೇರವಾಗಿ ಫೋನಿಗೆ ಸಿಕ್ಕಿಸಿದರೆ ಎರಡೂ ಸಮ. ಕಳ್ಳ ಉಳಿದದ್ದು ಡಬ್ಬಿಯೊಳಗೆ.

ಆ ಡಬ್ಬಿ, ಅಂದರೆ ಆಂಪ್ಲಿಫೈಯರು, ನಾನೇ ಕೂತು ಬೆಸುಗೆ ಹಾಕಿದ್ದು. ಚು ಮೋಯ್ ಎಂಬ ಹವ್ಯಾಸಿಯ ವಿನ್ಯಾಸ. ಎಷ್ಟು ಸರಳ ಎಂದರೆ ಪೆಪ್ಪರ್‌ಮಿಂಟಿನ ತಗಡು ಡಬ್ಬಿಯೇ ಅದಕ್ಕೆ ಮನೆ. ಒಂದು ಐಸಿ ಚಿಪ್ಪು, ವಿದ್ಯುತ್ತಿಗೆ ತಡೆಯೊಡ್ಡುವ ಬೆರಳೆಣಿಕೆಯ ರೆಸಿಸ್ಟರುಗಳು, 9 ವೋಲ್ಟಿನ ಬ್ಯಾಟರಿ, ವಾಲ್ಯೂಮಿಗೊಂದು ಪಾಟು, ಅಂದರೆ ತಿರುಗಿಸುವ ಗುಂಡಿಯ ಪೊಟೆನ್ಶಿಯೋಮೀಟರು. ಪಾಟಿಗೆ ಕ್ಲೀನರ್ ಸ್ಪ್ರೇ ಹೊಡೆದೆ. ಕರಕರ ಸದ್ದು ಹೋಯಿತು, ಓರೆ ಹೋಗಲಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್.ಪಿ. ರೋಡಿಗೆ ಹೋಗಿ ಹೊಸ ಪಾಟು ಕೇಳಿದೆ. ಅಂಗಡಿಯಾತ ನನ್ನ ಡಬ್ಬಿ ತೆರೆದು ನೋಡಿ, "ಗುಂಡಿ ಎಷ್ಟು ತಿರುಗಿಸ್ತೀರಿ?" ಅಂದ. "ಸ್ವಲ್ಪ, ರಾತ್ರಿ ಅಲ್ವಾ." "ಹೊಸದು ಹಾಕಿದ್ರೂ ಹಿಂಗೇ ಸಾರ್. ಇಪ್ಪತ್ತು ರೂಪಾಯಿ ಪಾಟಿಗೆ ಶುರುವಲ್ಲೇ ಎರಡೂ ಕಡೆ ಸಮ ಬೇಕಾ?"

ಅವನು ಹೇಳಿದ್ದು ಜೋಡೆತ್ತಿನ ಸಮಾಚಾರ. ಸ್ಟೀರಿಯೊ ಪಾಟಿನಲ್ಲಿ ಒಂದೇ ಅಚ್ಚಿಗೆ ಎರಡು ಇಂಗಾಲದ ಪಟ್ಟಿ, ಎಡಕ್ಕೊಂದು, ಬಲಕ್ಕೊಂದು. ನೊಗ ಒಂದೇ ಆದರೂ ಹೊರಡುವಾಗ ಒಂದು ಎತ್ತು ಎದ್ದಿರುತ್ತದೆ, ಇನ್ನೊಂದು ಮೆಲುಕು ಹಾಕುತ್ತಿರುತ್ತದೆ. ಗುಂಡಿ ಕಾಲು ಭಾಗ ದಾಟಿದ ಮೇಲೆ ಎರಡೂ ಹೆಚ್ಚುಕಮ್ಮಿ ಜೊತೆಗೆ ನಡೆಯುತ್ತವೆ. ನನ್ನ ಡಬ್ಬಿಯ ಗೇನ್ 11, ಬಂದ ಸಿಗ್ನಲ್ಲನ್ನು ಹನ್ನೊಂದು ಪಟ್ಟು ಮಾಡಿ ಕಳಿಸುತ್ತದೆ. ಹಾಗಾಗಿ ಗುಂಡಿ ಕೂದಲೆಳೆಯಷ್ಟು ಸರಿದರೆ ಸಾಕು, ಕಿವಿ ತುಂಬುತ್ತದೆ. ಎತ್ತುಗಳು ಕೊಟ್ಟಿಗೆ ಬಿಡುವುದೇ ಇಲ್ಲ.

ಮದ್ದು: ಗೇನ್ ಇಳಿಸಿ, ಗುಂಡಿಯನ್ನು ಮೇಲಕ್ಕೆ ಹತ್ತಿಸುವುದು. ಎಡ, ಬಲ ಎರಡೂ ಚಾನೆಲ್ಲಿನಲ್ಲಿ ಗೇನ್ ನಿರ್ಧರಿಸುವ 1 ಕಿಲೋಓಮಿನ ರೆಸಿಸ್ಟರ್ ಕಿತ್ತು 4.7 ಕಿಲೋಓಮಿನದು ಹಾಕಿದರೆ ಗೇನ್ ಮೂರರ ಆಸುಪಾಸಿಗೆ ಇಳಿಯುತ್ತದೆ. ಪಾಟು ಬಿಟ್ಟು ರೆಸಿಸ್ಟರ್ ಕೊಂಡು ಬಂದೆ.

ರಾತ್ರಿಯೇ ಕೂತೆ. ಬೆರಳು ಸುಟ್ಟುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಇದ್ದದ್ದೇ. ಮುಗಿಸಿ ಕೇಳಿದರೆ ಎಡಗಡೆ ಪಾತಾಳದಲ್ಲಿದೆ! ಮೊದಲು ಮಲಗಿದ್ದ ಎತ್ತು ಈಗ ಸತ್ತೇ ಹೋಗಿತ್ತು. ಒಂದು ಗಂಟೆ ಬೆಸುಗೆಗಳನ್ನು ಒಂದೊಂದಾಗಿ ಶಂಕಿಸಿದೆ. ನೀರು ಕುಡಿಯಲೆದ್ದ ಹೆಂಡತಿ ಬಗ್ಗಿ ನೋಡಿ, "ಇದು ಕೆಂಪು, ಅದು ಕೇಸರಿ. ಬೇರೆ ಬೇರೆ ಹಾಕಿದೀರಲ್ಲ, ಬೇಕಂತಲೇನಾ?" ಅಂದಳು.

ರೆಸಿಸ್ಟರಿನ ಮೇಲೆ ಹಳದಿ, ನೇರಳೆ, ಕೆಂಪು ಪಟ್ಟೆ ಇದ್ದರೆ 4.7 ಕಿಲೋಓಮು. ಹಳದಿ, ನೇರಳೆ, ಕೇಸರಿ ಆದರೆ 47. ನನ್ನ ಹಳೇ ಡಬ್ಬದ ಸಾಮಾನಿನೊಳಗೆ ಹೊಸದೂ ಬೆರೆತು, ಎಡಕ್ಕೆ ಹತ್ತು ಪಟ್ಟಿನದು ಏರಿತ್ತು. ಅವಳ ಕೇಸರಿ ಸೀರೆಯನ್ನು ಕೆಂಪು ಎಂದು ಹೊಗಳಿ ಒಮ್ಮೆ ಮದುವೆಮನೆಯಲ್ಲಿ ಉಗಿಸಿಕೊಂಡ ಮನುಷ್ಯ ನಾನು. ಟ್ಯೂಬ್‌ಲೈಟಿನಲ್ಲಿ ಅಕ್ಕಿಕಾಳಿನ ಗಾತ್ರದ ರೆಸಿಸ್ಟರು ಯಾವ ಲೆಕ್ಕ?

ಬದಲಾಯಿಸಿದೆ. ಗುಂಡಿ ಗಡಿಯಾರದ ಹನ್ನೆರಡಕ್ಕೆ ಬಂತು, ಮನ್ಸೂರರು ನಡುಮನೆಗೆ ಬಂದು ಕೂತರು. ಮರುದಿನ ಬೆಳಿಗ್ಗೆ ಜಂಬದಿಂದ ಹೆಡ್‌ಫೋನನ್ನು ಹೆಂಡತಿಯ ತಲೆಗೇರಿಸಿದೆ. ಎರಡು ನಿಮಿಷ ಕಣ್ಣುಮುಚ್ಚಿ ಕೇಳಿದಳು.

"ಚೆನ್ನಾಗಿದೆ. ಆದ್ರೆ ಫೋನಿಗೆ ನೇರ ಹಾಕಿದಾಗ್ಲೇ ಎರಡೂ ಸಮ ಇತ್ತು ಅಂದಿದ್ರಲ್ಲ?"

9 ವೋಲ್ಟಿನ ಬ್ಯಾಟರಿ ತರಬೇಕಿತ್ತು, ಚಪ್ಪಲಿ ಮೆಟ್ಟಿಕೊಂಡು ಹೊರಟೆ.